ಆಕಳಿಗೆ ದೋಷ ಹಚ್ಚುವ ಮೊದಲು ಕ್ಯಾನ್ ತೂಗಿ ನೋಡೋಣ

2020ರ ಡಿಸೆಂಬರ್ ನೆನಪಿದೆಯೇ? ಫೈಝರ್ ಕಂಪನಿಯ ಕೋವಿಡ್ ಲಸಿಕೆಯನ್ನು ಮೈನಸ್ 70 ಡಿಗ್ರಿ ಚಳಿಯಲ್ಲಿ ಇಡಬೇಕಂತೆ, ನಮ್ಮಂಥ ದೇಶದಲ್ಲಿ ಅದು ಆಗುವ ಮಾತೇ ಎಂದು ಟಿವಿಗಳಲ್ಲಿ ಚರ್ಚೆಯೋ ಚರ್ಚೆ. ಅದೇ ದಿನಗಳಲ್ಲಿ ಬೀದರ್ ಶಹರಕ್ಕೆ ಹತ್ತಿಕೊಂಡಿರುವ ಚಿದ್ರಿಯ ಓಣಿಗಳಲ್ಲಿ, ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿ ದಾರಿಗಳಲ್ಲಿ ಮೈನಸ್ 196 ಡಿಗ್ರಿಯ ಪಾತ್ರೆಗಳು ಬೈಕಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಓಡಾಡುತ್ತಿದ್ದವು. ಯಾವ ಚಾನೆಲ್ಲೂ ತೋರಿಸಲಿಲ್ಲ. ಇಲ್ಲೇ ಇದ್ದ ನಾವೂ ಬರೆಯಲಿಲ್ಲ.

ಹೇಳುತ್ತಿರುವುದು ದನಗಳ ಕೃತಕ ಗರ್ಭಧಾರಣೆಗೆ ಬಳಸುವ ಕ್ಯಾನಿನ ಬಗ್ಗೆ. ಹೋರಿಯ ವೀರ್ಯವನ್ನು ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ತುಂಬಿ, ಹೆಪ್ಪುಗಟ್ಟಿಸಿ, ದ್ರವ ಸಾರಜನಕದಲ್ಲಿ ಮುಳುಗಿಸಿ ಇಡುತ್ತಾರೆ. ಒಂದು ಕಡ್ಡಿಯಲ್ಲಿ ಹಿಡಿಯುವುದು ಕಾಲು ಮಿಲಿಲೀಟರ್. ಸರಿಯಾದ ಚಳಿಯಲ್ಲಿದ್ದರೆ ಅದು ವರ್ಷಗಟ್ಟಲೆ, ದಶಕಗಟ್ಟಲೆ ಬದುಕಿರುತ್ತದೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಂಥ ವೀರ್ಯ ಕೇಂದ್ರಗಳಿಂದ ಬೀದರ್‌ಗೆ ಬರಬೇಕೆಂದರೆ ಸುಮಾರು 700 ಕಿ.ಮೀ. ದಾರಿ. ಅಷ್ಟು ದೂರ ಅದು ಸುಸೂತ್ರವಾಗಿ ಬರುತ್ತದೆ. ಕೆಡುವುದಿದ್ದರೆ ಹೆಚ್ಚಾಗಿ ಕೊನೆಯ ಹತ್ತು ಹದಿನೈದು ಕಿಲೋಮೀಟರಿನಲ್ಲಿ, ಸಣ್ಣ ಕ್ಯಾನಿನಲ್ಲಿ ಕೆಡುತ್ತದೆ. ಆ ಕ್ಯಾನನ್ನು ಹೇಗೆ ಆರಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಗೋದಾಮಿನ ಗುಮಾಸ್ತರ ವಿಷಯವಲ್ಲ, ಹೈನು ನಂಬಿದ ಪ್ರತಿ ಮನೆಯ ವಿಷಯ ಎನ್ನುವುದು ನಮ್ಮ ವಾದ.

ಕಳೆದ ಬೇಸಿಗೆಯಲ್ಲಿ ಚಿದ್ರಿಯ ಒಂದು ಮನೆಗೆ ಬೇರೆ ಸುದ್ದಿಗಾಗಿ ಹೋಗಿದ್ದೆವು. ಅಂಗಳದಲ್ಲಿ ದಷ್ಟಪುಷ್ಟವಾದ ಒಂದು ಆಕಳು. ಮನೆಯ ಹೆಣ್ಣುಮಗಳು ಅದನ್ನು ತೋರಿಸಿ, "ಮೂರು ಸಲ ಮಾಡಸೀವ್ರಿ, ನಿಲ್ಲವಲ್ದು. ಬರೋ ಸಂತಿಗೆ ಹೊಡದುಬಿಡ್ತೀವಿ" ಎಂದರು. ಹೊಡೆಯುವುದು ಎಂದರೆ ಮಾರಲು ಕಳಿಸುವುದು. ಮೂರು ಸಲ ಎಂದರೆ ಲೆಕ್ಕ ಹಾಕಿ: ಆಕಳು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಮೂರು ಸಲ ತಪ್ಪಿದರೆ ಎರಡು ತಿಂಗಳ ಮೇವು, ಹಿಂಡಿ, ಕೂಲಿ ಎಲ್ಲ ನೀರಿನಲ್ಲಿ ಹೋಮ. ಕರು ಎರಡು ತಿಂಗಳು ತಡ, ಹಾಲೂ ಎರಡು ತಿಂಗಳು ತಡ.

ಕೆಲವು ವಾರಗಳ ನಂತರ, ಆ ಭಾಗದಲ್ಲಿ ಕೆಲಸ ಮಾಡುವ ಕಾರ್ಯಕರ್ತರೊಬ್ಬರ ಜೊತೆ ಚಹಾ ಕುಡಿಯುತ್ತ ಈ ವಿಷಯ ತೆಗೆದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹಳೆಯ ಕ್ಯಾನಿನ ಮೈ ಬೆಳಿಗ್ಗೆ ಬೆವರುತ್ತಿತ್ತು, ಕತ್ತಿನ ಹತ್ತಿರ ಹಿಮ ಕಟ್ಟುತ್ತಿತ್ತು, ಮೇಲಿನವರಿಗೆ ಹೇಳಿದರೂ ಬದಲಿ ಬರಲು ತಡವಾಯಿತು ಎಂದರು. ಆ ಆಕಳು ನಿಲ್ಲದ್ದಕ್ಕೆ ಆ ಕ್ಯಾನೇ ಕಾರಣ ಎಂದು ನಾವು ಹೇಳುತ್ತಿಲ್ಲ. ಹೇಳಲು ನಮ್ಮ ಬಳಿ ಪುರಾವೆ ಇಲ್ಲ. ಸಮಸ್ಯೆ ಇರುವುದೂ ಅಲ್ಲೇ: ಯಾರ ಬಳಿಯೂ ಪುರಾವೆ ಇರುವುದಿಲ್ಲ. ರೈತ ಆಕಳನ್ನು ಬೈಯುತ್ತಾನೆ, ಇಲ್ಲವೇ ಕಾರ್ಯಕರ್ತನ ಕೈಗುಣ ಸರಿ ಇಲ್ಲ ಎನ್ನುತ್ತಾನೆ. ಇಲಾಖೆ ರೈತನಿಗೆ ಬೆದೆ ಗುರುತಿಸಲು ಬರುವುದಿಲ್ಲ ಎನ್ನುತ್ತದೆ. ಕ್ಯಾನನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಪೋಲಿಯೊ ಹನಿಯ ಸೀಸೆ ನೋಡಿದ್ದೀರಲ್ಲ. ಅದರ ಮೇಲೆ ಒಂದು ಸಣ್ಣ ವೃತ್ತ, ಒಳಗೊಂದು ಚೌಕ. ಸೀಸೆಗೆ ಬಿಸಿ ತಾಗಿದಂತೆ ಚೌಕದ ಬಣ್ಣ ಕಪ್ಪಾಗುತ್ತ ಹೋಗುತ್ತದೆ. ವೃತ್ತದಷ್ಟು ಕಪ್ಪಾದರೆ ಆಶಾ ಕಾರ್ಯಕರ್ತೆ ಆ ಸೀಸೆಯನ್ನು ಬದಿಗಿಡುತ್ತಾರೆ. ಫೈಝರ್ ಲಸಿಕೆಯ ಒಣ ಮಂಜಿನ ಪೆಟ್ಟಿಗೆಯಲ್ಲಿ ತಾಪಮಾನ ದಾಖಲಿಸಿ ಕಳಿಸುವ ಜಿಪಿಎಸ್ ಯಂತ್ರವೇ ಇತ್ತು. ನಮ್ಮ ವೀರ್ಯದ ಕಡ್ಡಿಗೆ ಇಂಥದ್ದೇನೂ ಇಲ್ಲ. ಸತ್ತ ಕಡ್ಡಿಯೂ ಬದುಕಿದ ಕಡ್ಡಿಯೂ ಕಣ್ಣಿಗೆ ಒಂದೇ. ಸುಮಾರು ಮೈನಸ್ 130 ಡಿಗ್ರಿಗಿಂತ ಬಿಸಿಯಾದರೆ ಒಳಗಿನ ಸಣ್ಣ ಹಿಮದ ಹರಳುಗಳು ದೊಡ್ಡದಾಗಲು ತೊಡಗಿ ಜೀವಕೋಶವನ್ನು ಹರಿಯುತ್ತವೆ. ಮತ್ತೆ ಸಾರಜನಕದಲ್ಲಿ ಅದ್ದಿದರೆ ಕಡ್ಡಿ ಮೊದಲಿನಂತೆಯೇ ಗಟ್ಟಿಯಾಗುತ್ತದೆ, ಆದರೆ ಹೋದ ಜೀವ ಬರುವುದಿಲ್ಲ. ಕಡ್ಡಿ ಸಾಕ್ಷಿ ಹೇಳುವುದಿಲ್ಲವಾದ್ದರಿಂದ ಕ್ಯಾನಿನಿಂದಲೇ ಸಾಕ್ಷಿ ಕೇಳಬೇಕು.

ಕ್ಯಾನ್ ಅಂದರೆ ಏನು ಎಂದು ಮೊದಲು ತಿಳಿಯೋಣ. ಇದು 1892ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡ್ಯೂವರ್ ಮಾಡಿದ ನಿರ್ವಾತ ಪಾತ್ರೆಯ ಮೊಮ್ಮಗ. ನಮ್ಮ ಮನೆಯ ಚಹಾದ ಥರ್ಮಾಸ್ ಕೂಡ ಅದೇ ಬಳಗ. ಒಂದರೊಳಗೊಂದು ಎರಡು ಪಾತ್ರೆ, ನಡುವೆ ಗಾಳಿ ಇಲ್ಲದ ಜಾಗ. ಆ ಜಾಗದಲ್ಲಿ ಶಾಖ ತಡೆಯುವ ತೆಳು ಹಾಳೆಯ ಹಲವು ಸುತ್ತು. ಒಳಪಾತ್ರೆ ತೂಗಿಕೊಂಡಿರುವುದು ಕತ್ತಿನ ಮೇಲೆ. ಆ ಕತ್ತು ಲೋಹದ್ದಲ್ಲ, ಗಾಜಿನ ನಾರಿನದು. ಲೋಹವಾದರೆ ಹೊರಗಿನ ಶಾಖ ಅದರ ಮೂಲಕ ಇಳಿದುಬಿಡುತ್ತದೆ.

ಪಾತ್ರೆ ಅಲ್ಯೂಮಿನಿಯಮ್ಮಿನದೇ ಏಕೆ? ಹಗುರ ಎಂಬುದು ಅರ್ಧ ಉತ್ತರ. ಇನ್ನರ್ಧ ಹೀಗಿದೆ: ಸಾಮಾನ್ಯ ಕಬ್ಬಿಣ, ಉಕ್ಕು ಈ ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತವೆ, ಪೆಟ್ಟು ಬಿದ್ದರೆ ಒಡೆಯುತ್ತವೆ. ಅಲ್ಯೂಮಿನಿಯಂ ಮತ್ತು ಕೆಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಹಾಗಾಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲೂ ಇದೇ ಭೇದ. ಮನೆಯ ಬಕೆಟ್ಟಿಗೆ ದ್ರವ ಸಾರಜನಕ ಸುರಿದರೆ ಸೀಳಿಬಿಡಬಹುದು. ಬಿದರಿ ಕೆಲಸದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸತು ಮತ್ತು ತಾಮ್ರದ ಪ್ರಮಾಣ ತಪ್ಪಿದರೆ ಸುರಾಹಿ ಹೇಗೆ ಕೈಕೊಡುತ್ತದೆ ಎಂದು ಇಲ್ಲಿನ ಕುಶಲಕರ್ಮಿಗಳಿಗೆ ಗೊತ್ತು. ಪಾತ್ರೆಯ ಗುಣ ಅದರ ಆಕಾರದಲ್ಲಿಲ್ಲ.

ಇದು ದನದ ದವಾಖಾನೆಗೆ ಮಾತ್ರ ಸೇರಿದ ವಿದ್ಯೆಯೂ ಅಲ್ಲ. ನಮ್ಮಿಂದ ಮೂರು ತಾಸಿನ ದಾರಿಯ ಹೈದರಾಬಾದ್ ಲಸಿಕೆಗಳ ದೊಡ್ಡ ಊರು. ಕಾಲುಬಾಯಿ ಜ್ವರದ ಲಸಿಕೆ ಮಾಡುವ ಇಂಡಿಯನ್ ಇಮ್ಯುನಾಲಜಿಕಲ್ಸ್, ಕೋವ್ಯಾಕ್ಸಿನ್ ಮಾಡಿದ ಭಾರತ್ ಬಯೋಟೆಕ್ ಎಲ್ಲ ಅಲ್ಲಿವೆ. ಇಂಥ ಲಸಿಕೆಗಳ ತಯಾರಿಕೆಗೆ ಬೇಕಾದ ಜೀವಕೋಶಗಳ ಮೂಲ ಸಂಗ್ರಹವನ್ನು ಈ ಉದ್ಯಮ ಇಡುವುದೂ ದ್ರವ ಸಾರಜನಕದ ಚಳಿಯಲ್ಲೇ. ಆ ಬೀಜ ಕೆಟ್ಟರೆ ಬೆಳೆಯೇ ಇಲ್ಲ. ಅದಕ್ಕಾಗಿ ಅವರು ಸಂಗ್ರಹವನ್ನು ಎರಡು ಬೇರೆ ಜಾಗಗಳಲ್ಲಿ ಹಂಚಿ ಇಡುತ್ತಾರೆ, ಸಾರಜನಕದ ಮಟ್ಟ ಇಳಿದರೆ ಕೂಗುವ ಗಂಟೆ ಇಡುತ್ತಾರೆ. ಯಾವ ಸೀಸೆ ಎಷ್ಟು ಚಳಿಗೆ ಬಿರಿಯುತ್ತದೆ, ಯಾವ ಮುಚ್ಚಳ ಕುಗ್ಗಿ ಸಡಿಲವಾಗುತ್ತದೆ ಎಂದು ಪರೀಕ್ಷೆ ಮಾಡಿಯೇ ಖರೀದಿಸುತ್ತಾರೆ. ಸಣ್ಣ ಸೀಸೆಗಳನ್ನು ದ್ರವದಲ್ಲಿ ಮುಳುಗಿಸದೆ ಅದರ ಮೇಲಿನ ಆವಿಯಲ್ಲಿ ಇಡುವ ರೂಢಿಗೂ ಕಾರಣವಿದೆ. ಮುಚ್ಚಳದ ಸಂದಿಯಲ್ಲಿ ದ್ರವ ಒಳಗೆ ನುಗ್ಗಿದರೆ, ಹೊರತೆಗೆದಾಗ ಅದು ಒಮ್ಮೆಲೇ ಅನಿಲವಾಗಿ ಸೀಸೆ ಸಿಡಿಯುತ್ತದೆ. ಕೋಳಿಮರಿಗಳ ಮರೆಕ್ಸ್ ರೋಗದ ಲಸಿಕೆಯ ಗಾಜಿನ ಆಂಪೂಲುಗಳನ್ನು ಸಾರಜನಕದಿಂದ ತೆಗೆಯುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಳ್ಳಬೇಕು ಎನ್ನುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಎಚ್ಚರ ಇದ್ದ ಕಡೆಯೂ ಪಾತ್ರೆ ಕೈಕೊಟ್ಟ ಉದಾಹರಣೆ ಇದೆ. 2018ರ ಮಾರ್ಚ್ ಮೊದಲ ವಾರಾಂತ್ಯದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಎರಡು ಸಂತಾನ ಚಿಕಿತ್ಸಾ ಕೇಂದ್ರಗಳಲ್ಲಿ ಸಾರಜನಕದ ಟ್ಯಾಂಕುಗಳು ವಿಫಲವಾದವು. ಕ್ಲೀವ್‌ಲ್ಯಾಂಡ್ ಒಂದರಲ್ಲೇ 4,000ಕ್ಕೂ ಹೆಚ್ಚು ಅಂಡಾಣು, ಭ್ರೂಣಗಳು ಹಾಳಾದವು. ಅಲ್ಲಿ ದೂರಕ್ಕೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಆಫ್ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಪ್ರಕರಣದಲ್ಲಿ 2021ರಲ್ಲಿ ತೀರ್ಪುಗಾರರು ಟ್ಯಾಂಕ್ ತಯಾರಕರನ್ನು ಹೊಣೆ ಮಾಡಿದರು. ಅಲ್ಲಿ ಕಳೆದುಕೊಂಡವರು ಕೋರ್ಟಿಗೆ ಹೋದರು, ಪಾತ್ರೆಯ ವಿಚಾರಣೆ ನಡೆಯಿತು. ಇಲ್ಲಿ ಕಳೆದುಕೊಂಡವರು ಆಕಳನ್ನು ಸಂತೆಗೆ ಹೊಡೆಯುತ್ತಾರೆ.

ಹಾಗಾದರೆ ಒಳ್ಳೆಯ ಕ್ಯಾನನ್ನು ಆರಿಸುವುದು ಹೇಗೆ? ಕೊಳ್ಳುವಾಗ ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತೇವೆ: ಎಷ್ಟು ಲೀಟರ್, ಎಷ್ಟು ರೂಪಾಯಿ. ಮೊದಲು ಕೇಳಬೇಕಾದದ್ದು, ದಿನಕ್ಕೆ ಎಷ್ಟು ಕಳೆಯುತ್ತದೆ ಎಂದು. ಸಾರಜನಕ ಸದಾ ಕುದಿಯುತ್ತಲೇ ಇರುತ್ತದೆ. ಕ್ಯಾನಿನ ಕೆಲಸ ಆ ಕುದಿತವನ್ನು ನಿಧಾನ ಮಾಡುವುದಷ್ಟೇ. ಉದಾಹರಣೆಗೆ 3 ಲೀಟರಿನ ಕ್ಯಾನ್ ದಿನಕ್ಕೆ 0.15 ಲೀಟರ್ ಕಳೆದುಕೊಂಡರೆ 20 ದಿನಕ್ಕೆ ಬರಿದು. ಅದೇ ಅರ್ಧ ಲೀಟರ್ ಕಳೆದುಕೊಂಡರೆ ಆರೇ ದಿನ. ಇದು ಅಲುಗದೆ, ಮುಚ್ಚಳ ತೆಗೆಯದೆ ಇಟ್ಟಾಗಿನ ಲೆಕ್ಕ. ದಿನಕ್ಕೆ ನಾಲ್ಕಾರು ಸಲ ತೆರೆದು, ಬೈಕಿನ ಮೇಲೆ ಕುಲುಕಿದರೆ ಇನ್ನೂ ಕಡಿಮೆ. ಬೀದರ್‌ನಿಂದ ಔರಾದ್, ಭಾಲ್ಕಿ ಎರಡೂ ಸುಮಾರು 40 ಕಿ.ಮೀ. ಅಲ್ಲಿಂದ ಆಚೆಯ ಹಳ್ಳಿಗೆ ಸಾರಜನಕ ಮರುಪೂರಣ ಎಷ್ಟು ದಿನಕ್ಕೊಮ್ಮೆ ಬರುತ್ತದೋ, ಅದರ ಎರಡು ಪಟ್ಟು ದಿನ ತಾಳುವ ಕ್ಯಾನ್ ಬೇಕು. ಟ್ಯಾಂಕರ್ ತಡವಾಗುವುದು, ಸಾಲು ರಜೆ ಬರುವುದು, ಮಳೆಗಾಲದಲ್ಲಿ ಮಾಂಜ್ರಾ ತುಂಬಿ ದಾರಿ ಕಟ್ಟುವುದು ನಮಗೆ ಹೊಸದಲ್ಲವಲ್ಲ.

ಎರಡನೆಯದು ಕತ್ತು. ಅಗಲ ಕತ್ತಿನ ಕ್ಯಾನಿನಲ್ಲಿ ಕಡ್ಡಿ ಹೆಚ್ಚು ಹಿಡಿಯುತ್ತದೆ, ಕೈಗೂ ಸಲೀಸು. ಆದರೆ ಸಾರಜನಕ ಬೇಗ ಹಾರುತ್ತದೆ. ಹಳ್ಳಿಗೆ ಹೊತ್ತೊಯ್ಯಲು ಕಿರಿದು ಕತ್ತಿನದೇ ವಾಸಿ.

ಮೂರನೆಯದು, ಕುಳಿತುಕೊಳ್ಳುವ ಕ್ಯಾನ್ ಬೇರೆ, ಓಡಾಡುವ ಕ್ಯಾನ್ ಬೇರೆ. ಆಸ್ಪತ್ರೆಯ ಮೂಲೆಯಲ್ಲಿ ಇಡಲು ಮಾಡಿದ ಕ್ಯಾನನ್ನು ಕಲ್ಲುದಾರಿಯಲ್ಲಿ ಕುಲುಕಿಸಿದರೆ, ಒಳಪಾತ್ರೆಯ ಭಾರವೆಲ್ಲ ಕತ್ತಿನ ಅಂಟಿನ ಮೇಲೆ ಬೀಳುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೂ ನಿರ್ವಾತ ಹೋಗುತ್ತದೆ. ನಿರ್ವಾತ ಹೋದ ಕ್ಯಾನ್ ಬರೀ ಅಲ್ಯೂಮಿನಿಯಮ್ ಡಬ್ಬಿ. ಸಾಗಣೆಗೆಂದೇ ಒಳಗೆ ಆಸರೆ ಕೊಟ್ಟು ಮಾಡಿದ ಕ್ಯಾನುಗಳಿವೆ. ಬೆಲೆ ಹೆಚ್ಚು ಎಂದು ಅವನ್ನು ಬಿಟ್ಟರೆ ಉಳಿಸಿದ ಹಣಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ನಾಲ್ಕನೆಯದು, ನಿರ್ವಾತಕ್ಕೆ ಎಷ್ಟು ವರ್ಷದ ಖಾತರಿ, ಕೆಟ್ಟರೆ ರಿಪೇರಿ ಎಲ್ಲಿ, ಅಲ್ಲಿಯವರೆಗೆ ಬದಲಿ ಕ್ಯಾನ್ ಯಾರು ಕೊಡುತ್ತಾರೆ ಎಂಬುದು. ಇವನ್ನು ಟೆಂಡರಿನಲ್ಲೇ ಬರೆಯಬೇಕು. ಕಡಿಮೆ ದರ ಹೇಳಿದವರಿಗೆ ಖರೀದಿ ಹೋಗುವುದು ನಿಯಮ ಇರಬಹುದು. ಆದರೆ ದಿನದ ನಷ್ಟ ಇಷ್ಟಕ್ಕಿಂತ ಹೆಚ್ಚಿರಬಾರದು, ಕ್ಯಾನ್ ಬಂದ ದಿನ ತೂಗಿ ನೋಡಿ ತೆಗೆದುಕೊಳ್ಳುತ್ತೇವೆ ಎಂದು ಬರೆಯಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ತೂಗಿ ನೋಡುವುದು ದೊಡ್ಡ ವಿಜ್ಞಾನವಲ್ಲ. ಕ್ಯಾನಿಗೆ ಸಾರಜನಕ ತುಂಬಿ ಎರಡು ದಿನ ತಣಿಯಲು ಬಿಡಬೇಕು, ಏಕೆಂದರೆ ಬಿಸಿ ಕ್ಯಾನ್ ಮೊದಲು ಹೆಚ್ಚು ಕುದಿಸುತ್ತದೆ. ಆಮೇಲೆ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಸರಿಯಾಗಿ 24 ತಾಸಿನ ನಂತರ ಮತ್ತೆ ತೂಗಬೇಕು. ಒಂದು ಲೀಟರ್ ದ್ರವ ಸಾರಜನಕದ ತೂಕ ಸುಮಾರು 800 ಗ್ರಾಂ. ದಿನಕ್ಕೆ 120 ಗ್ರಾಂ ಕಡಿಮೆಯಾದರೆ 0.15 ಲೀಟರ್ ಹೋಯಿತೆಂದು ಅರ್ಥ. 400 ಗ್ರಾಂ ಕಡಿಮೆಯಾದರೆ ಅರ್ಧ ಲೀಟರ್, ಅಂದರೆ ಆ ಸಣ್ಣ ಕ್ಯಾನನ್ನು ನಂಬುವಂತಿಲ್ಲ. ತಕ್ಕಡಿ ಇಲ್ಲದಾಗ ಕಟ್ಟಿಗೆಯ ಅಳತೆ ಕೋಲನ್ನು ತಳದವರೆಗೆ ಇಳಿಸಿ, ತೆಗೆದು, ಗಾಳಿಯಲ್ಲಿ ಆಡಿಸಿದರೆ ದ್ರವ ಇದ್ದಷ್ಟು ಎತ್ತರಕ್ಕೆ ಬಿಳಿ ಹಿಮ ಕಟ್ಟುತ್ತದೆ. ಟೊಳ್ಳು ಕೊಳವೆ ಬಳಸಬಾರದು, ಮೇಲಿನಿಂದ ದ್ರವ ಚಿಮ್ಮುತ್ತದೆ.

ಇನ್ನೊಂದು ಎಚ್ಚರ. ಸಾರಜನಕ ಉಳಿಯಲಿ ಎಂದು ಮುಚ್ಚಳವನ್ನು ಬಟ್ಟೆ ಸುತ್ತಿ ಬಿಗಿಯುವುದನ್ನು ಕಂಡಿದ್ದೇವೆ. ಹಾಗೆ ಮಾಡಲೇಬಾರದು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಕ್ಯಾನ್ ಬಾಂಬಿನಂತೆ ಸಿಡಿಯಬಹುದು. ಕಿಟಕಿ ಮುಚ್ಚಿದ ಕಾರಿನಲ್ಲಿ, ಗಾಳಿಯಾಡದ ಕೋಣೆಯಲ್ಲಿ ಇಟ್ಟರೆ ಆ ಅನಿಲ ಉಸಿರಾಡುವ ಆಮ್ಲಜನಕದ ಜಾಗ ಹಿಡಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಗಟ್ಟಿ ಕ್ಯಾನ್ ಕೇಳುವುದು ದನದ ಸಲುವಾಗಿ ಮಾತ್ರವಲ್ಲ, ಹೊತ್ತೊಯ್ಯುವ ಹುಡುಗನ ಜೀವದ ಸಲುವಾಗಿಯೂ.

ಎದುರು ವಾದ ಇದೆ ಎಂದು ಬಲ್ಲೆವು. ಪಶುವೈದ್ಯರನ್ನು ಕೇಳಿದರೆ, ಗರ್ಭ ನಿಲ್ಲದಿರಲು ನೂರು ಕಾರಣ ಎನ್ನುತ್ತಾರೆ. ನಿಜ. ಬೆದೆ ಇರುವುದೇ ಹೆಚ್ಚೆಂದರೆ 18 ತಾಸು. ರೈತ ಬೆಳಿಗ್ಗೆ ಕಂಡು ಮರುದಿನ ಫೋನ್ ಮಾಡಿದರೆ ಆಟ ಮುಗಿದಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಹಸಿ ಮೇವಿಲ್ಲ, ಖನಿಜ ಮಿಶ್ರಣ ಹಾಕುವವರು ಕಡಿಮೆ. ಕಡ್ಡಿಯನ್ನು 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸುವ ಬದಲು ಅಂಗೈಯಲ್ಲಿ ಉಜ್ಜುವವರೂ ಇದ್ದಾರೆ. ಕಡ್ಡಿಗಳ ಬುಟ್ಟಿಯನ್ನು ಕತ್ತಿನಿಂದ ಮೇಲೆತ್ತಿ ಹಿಡಿದು ಬಣ್ಣ ಹುಡುಕುತ್ತ ನಿಂತರೆ ಒಳ್ಳೆಯ ಕ್ಯಾನೂ ಏನು ಮಾಡೀತು? ಇವೆಲ್ಲ ಒಪ್ಪುವ ಮಾತು. ಆದರೆ ಮೇವಿನ ಕೊರತೆ ಒಂದು ದಿನದಲ್ಲಿ ನೀಗುವುದಿಲ್ಲ. ಕ್ಯಾನ್ ಸರಿ ಇದೆಯೋ ಇಲ್ಲವೋ ಎಂಬುದು ಒಂದು ತಕ್ಕಡಿ, ಮೂರು ದಿನ ಇದ್ದರೆ ತೀರ್ಮಾನವಾಗುತ್ತದೆ. ನೂರು ಕಾರಣಗಳಲ್ಲಿ ಸುಲಭವಾದದ್ದನ್ನು ಮೊದಲು ತೆಗೆದುಹಾಕುವುದು ಜಾಣತನ.

ಬೀದರ್‌ಗೆ ಇದರಲ್ಲಿ ಬೇರೆಯವರಿಗಿಂತ ಒಂದು ಕೈ ಹೆಚ್ಚು ಹೊಣೆ ಇದೆ. ದೇವಣಿ ನಮ್ಮ ತಳಿ. ಲಾತೂರು ಜಿಲ್ಲೆಯ ದೇವಣಿಯಿಂದ ಹೆಸರು ಬಂದರೂ ಗಡಿಯ ಈಚೆ ನಮ್ಮ ಹೊಲಗಳಲ್ಲೂ ಬೆಳೆದ ದನ. ಪೂರ್ತಿ ಬಿಳಿಯ ಬಾಳಂಕ್ಯಾ, ಮುಖ ಕಪ್ಪಾದ ವಾನ್ನೇರಾ, ಮೈಮೇಲೆ ಕಪ್ಪು ಮಚ್ಚೆಯ ಶೇವೇರಾ ಎಂದು ಮೂರು ಬಗೆ. ಹಾಲಿಗೂ ಸೈ, ನೇಗಿಲಿಗೂ ಸೈ. ಒಳ್ಳೆಯ ದೇವಣಿ ಹೋರಿಗಳು ಊರೂರಲ್ಲಿ ಕಡಿಮೆಯಾದ ಮೇಲೆ ತಳಿ ಉಳಿಯುವುದು ಬಹುಮಟ್ಟಿಗೆ ಈ ಕಡ್ಡಿಗಳಿಂದ. ಶಹರದ ನಂದಿನಗರದಲ್ಲಿ 2004ರಿಂದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಕಟ್ಟಿತೂಗಾಂವ್‌ನಲ್ಲಿ ಅದರ ದೇವಣಿ ಸಂಶೋಧನಾ ಕೇಂದ್ರವಿದೆ. ರಾಜ್ಯದ ಬೇರೆ ಜಿಲ್ಲೆಗಳು ವಿಜ್ಞಾನಿಗಳನ್ನು ದೂರದಿಂದ ಕರೆಸಬೇಕು, ನಮಗೆ ಆಟೋದಲ್ಲಿ ಹೋಗುವಷ್ಟು ಹತ್ತಿರ.

ಆದ್ದರಿಂದ ನಮ್ಮ ಬೇಡಿಕೆ ಮೂರೇ. ಜಿಲ್ಲೆಯಲ್ಲಿ ಓಡಾಡುವ ಪ್ರತಿ ಕ್ಯಾನನ್ನು, ಅದು ಇಲಾಖೆಯದಿರಲಿ, ಹಾಲು ಒಕ್ಕೂಟದ್ದಿರಲಿ, ಮೈತ್ರಿ ಕಾರ್ಯಕರ್ತರದ್ದಿರಲಿ, ವರ್ಷಕ್ಕೆ ಎರಡು ಸಲ ತೂಗಿ ಪರೀಕ್ಷಿಸಿ, ದಿನದ ನಷ್ಟ ಎಷ್ಟೆಂದು ಕ್ಯಾನಿನ ಮೇಲೆಯೇ ಚೀಟಿ ಅಂಟಿಸಲಿ. ಹಳ್ಳಿಯ ಕ್ಯಾನುಗಳಿಂದ ಆಗಾಗ ನಾಲ್ಕು ಕಡ್ಡಿ ತೆಗೆದು, ಸಾರಜನಕದಲ್ಲೇ ಒಯ್ದು, ಕರಗಿಸಿ ಸೂಕ್ಷ್ಮದರ್ಶಕದಲ್ಲಿ ಜೀವ ಇದೆಯೇ ಎಂದು ನೋಡಲಿ. ಕೆಟ್ಟ ಕ್ಯಾನ್ ತೋರಿಸಿದ ಕಾರ್ಯಕರ್ತನನ್ನು ಗದರಿಸದೆ ಅದೇ ವಾರ ಬದಲಿ ಕೊಡಲಿ. 2019ರಿಂದ ನಡೆದಿರುವ ರಾಷ್ಟ್ರವ್ಯಾಪಿ ಕೃತಕ ಗರ್ಭಧಾರಣೆ ಕಾರ್ಯಕ್ರಮದಲ್ಲಿ ಎಷ್ಟು ಆಕಳಿಗೆ ಮಾಡಿದರು ಎಂಬ ಎಣಿಕೆ ಕಿವಿಗೆ ಓಲೆ ಹಾಕಿ ನಡೆಯುತ್ತದೆ. ಆಕಳಿಗೆ ನಂಬರ್ ಇದೆ, ಕಡ್ಡಿಗೆ ನಂಬರ್ ಇದೆ. ನಡುವಿನ ಕ್ಯಾನಿಗೂ ಒಂದು ಲೆಕ್ಕದ ಪುಸ್ತಕ ಇರಲಿ ಎಂದಷ್ಟೇ ಕೇಳುತ್ತಿದ್ದೇವೆ.

ರೈತರಿಗೂ ಒಂದು ಮಾತು. ಮುಂದಿನ ಸಲ ಕಾರ್ಯಕರ್ತರು ಮನೆಗೆ ಬಂದಾಗ ಚಹಾ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಸಾರಜನಕ ತುಂಬಿಸಿ ಎಷ್ಟು ದಿನವಾಯಿತು? ಕೋಲು ಇಳಿಸಿ ತೋರಿಸುತ್ತೀರಾ? ಒಳ್ಳೆಯ ಕಾರ್ಯಕರ್ತರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೇಲಿನವರ ಹತ್ತಿರ ಕೇಳಲು ಅವರಿಗೂ ಅದೊಂದು ಬಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬರಡು ರಾಸುಗಳ ಚಿಕಿತ್ಸಾ ಶಿಬಿರ ಎಂದರೆ ನಾವು ಹೋಗುತ್ತೇವೆ, ಗಣ್ಯರು ಗೋಪೂಜೆ ಮಾಡುವ ಫೋಟೊ ತೆಗೆಯುತ್ತೇವೆ, ಎಷ್ಟು ರಾಸು ಬಂದವು ಎಂದು ನಾಲ್ಕು ಸಾಲು ಕಳಿಸುತ್ತೇವೆ. ಆ ರಾಸುಗಳಲ್ಲಿ ಎಷ್ಟು ನಿಜವಾಗಿ ಬರಡು, ಎಷ್ಟಕ್ಕೆ ಸತ್ತ ಕಡ್ಡಿ ಹಾಕಿದ್ದರು ಎಂದು ಒಮ್ಮೆಯೂ ಕೇಳಿಲ್ಲ. ಚಿದ್ರಿಯ ಆ ಅಂಗಳಕ್ಕೆ ಮೊನ್ನೆ ಮತ್ತೆ ಹೋಗಿದ್ದೆವು. ಗೂಟ ಹಾಗೇ ಇದೆ, ಆಕಳು ಇಲ್ಲ. ಮುಂದಿನ ಶಿಬಿರಕ್ಕೆ ಹೋಗುವಾಗ ಕ್ಯಾಮೆರಾ ಜೊತೆಗೆ ಒಂದು ತಕ್ಕಡಿಯನ್ನೂ ಒಯ್ಯುತ್ತೇವೆ.